ಅಂಬರನಾಥದ ಡೀಸೆಲ್ ಗಾಡಿಯ ಸಮಗ್ರ ತನಿಖೆ

ನನಗೆ ಇವತ್ತಿನವರೆಗೆ ಯಾರೂ ಮೋಸ ಮಾಡಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಹೇಳುತ್ತಿದ್ದೇನೆ. ಠಾಣೆಯ ಒಂದು ಖಾಸಗಿ ಕಂಪನಿಯಲ್ಲಿ ನಿವೃತ್ತನಾಗುವವರೆಗೂ ನಾನು ಆಡಿಟ್ ವಿಭಾಗದಲ್ಲಿದ್ದೆ. ಅಂದರೆ ಸಂಬಳ ತೆಗೆದುಕೊಂಡು ಸಂಶಯಪಡುವ ಕೆಲಸ. ಈಗ ಅದನ್ನೇ ಸಂಬಳವಿಲ್ಲದೆ ಮುಂದುವರಿಸಿದ್ದೇನೆ. ಡೊಂಬಿವಲಿ ಮಾರ್ಕೆಟಿನಲ್ಲಿ ನಾನು ತೆಂಗಿನಕಾಯಿ ಅಂಗಡಿಯ ಮುಂದೆ ನಿಂತರೆ, ಅಂಗಡಿಯವನು ಒಂದೊಂದನ್ನೇ ತಟ್ಟಿ ನೋಡಿಕೊಳ್ಳಲಿ ಎಂದು ಇಡೀ ಬುಟ್ಟಿಯನ್ನು ನನ್ನ ಕಡೆ ತಳ್ಳಿ ಬೇರೆ ಗಿರಾಕಿಗಳನ್ನು ಮುಗಿಸಿಕೊಂಡು ಬರುತ್ತಾನೆ. ಅಷ್ಟು ಹೆಸರಿದೆ!

"ನಿಮಗೆ ಯಾರೂ ಮೋಸ ಮಾಡದ್ದು ಯಾಕೆ ಗೊತ್ತುಂಟಾ?" ಎಂದು ನನ್ನ ಹೆಂಡತಿ ಶಾಂಭವಿ ಆಗಾಗ ಕೇಳುತ್ತಾಳೆ. "ನೀವು ಏನನ್ನಾದರೂ ಕೊಂಡರೆ ತಾನೆ ಮಾರಾಯ್ರೆ!"

ಇಂಥ ನಾನು ಹಳೆಯ ಡೀಸೆಲ್ ಗಾಡಿಯೊಂದನ್ನು ಕೊಳ್ಳಲು ಹೊರಟದ್ದು ಶಾಂಭವಿಗೋಸ್ಕರವೇ. ಮದುವೆಯಾದಾಗಿನಿಂದ ನಾವು ರಜೆ ಸಿಕ್ಕರೆ ಕಾರ್ಕಳದ ಕಡೆಗೆ ಊರಿಗೆ ಹೋಗುವವರು. ಊರಿಗೆ ಹೋದ ಮೇಲೆ ಎಲ್ಲ ನೆಂಟರ ಮನೆಗೂ ಹೋಗಲೇಬೇಕು. ಒಂದು ಮನೆ ತಪ್ಪಿದರೂ "ಬೊಂಬಾಯಿಯವರು ದೊಡ್ಡವರಾದರು, ನಮ್ಮಲ್ಲಿಗೆ ಬರಲಿಲ್ಲ" ಎಂಬ ಮಾತು ಮುಂದಿನ ವರ್ಷದವರೆಗೆ ಓಡಾಡುತ್ತದೆ. ನಾನು ಹೋದಲ್ಲೆಲ್ಲ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತೇನೆ. ಶಾಂಭವಿ ಹೋದಲ್ಲೆಲ್ಲ ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ನುಗ್ಗಬೇಕು. ಮನೆಯ ಸೊಸೆ ಸುಮ್ಮನೆ ಕೂರುವುದುಂಟೆ? ಅವಳಿಗೆ ರಜೆ ಅಂದರೆ ಒಲೆ ಬದಲಾಗುವುದು, ಅಷ್ಟೆ.

ಹೋದ ದೀಪಾವಳಿಯ ಸಮಯದಲ್ಲಿ ಅವಳು ಚಕ್ಕುಲಿ ಒತ್ತುತ್ತಾ ಹೇಳಿದಳು: "ಒಮ್ಮೆಯಾದರೂ ಯಾರ ಮನೆಗೂ ಹೋಗದೆ ಕಡಲಬದಿಯ ರಸ್ತೆಯಲ್ಲಿ ಹೀಗೇ ಹೋಗಬೇಕು. ಮನಸ್ಸು ಬಂದಲ್ಲಿ ನಿಲ್ಲಬೇಕು. ಯಾರ ಒಲೆಯ ಮುಂದೂ ನಿಲ್ಲಬಾರದು."

ಅವಳು ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಸುಮ್ಮನೆ ಹೇಳಿದಳು. ನನಗೆ ನಿಜವಾಗಿಯೂ ಬೇಸರವಾಯಿತು. "ಈ ಚಳಿಗಾಲದಲ್ಲೇ ಹೋಗೋಣ" ಎಂದು ಮಾತು ಕೊಟ್ಟೆ. ಅವಳು ಚಕ್ಕುಲಿ ಒರಳನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಆ ನೋಟದಲ್ಲಿ ಆಸೆ ಇತ್ತು. ಸ್ವಲ್ಪ ಅಪನಂಬಿಕೆಯೂ ಇತ್ತು.

ಈಗ ಉಳಿಯುವುದೆಲ್ಲಿ? ಲಾಡ್ಜುಗಳನ್ನು ನಾನು ನಂಬುವುದಿಲ್ಲ. ಹಾಸಿಗೆಯಲ್ಲಿ ತಿಗಣೆ, ಗೋಡೆಯಲ್ಲಿ ಕ್ಯಾಮೆರಾ, ಬಿಲ್ಲಿನಲ್ಲಿ ಸುಳ್ಳು. ಹಾಗಾಗಿ ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದ ಪ್ರಕಾರ ನಮ್ಮದೇ ಗಾಲಿಮನೆ ಮಾಡಿಸುವುದೆಂದು ತೀರ್ಮಾನಿಸಿದೆ. ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಟ್ರೈಲರ್. ಒಳಗೆ ಇಬ್ಬರಿಗೆ ಹಾಸಿಗೆ, ಕಿಟಕಿಗೆ ಪರದೆ.

ಬುದ್ಧಿಯಿರುವ ಯಾರೇ ಆದರೂ ಮೊದಲು ಎಳೆಯುವ ಗಾಡಿ ಕೊಂಡು ಆಮೇಲೆ ಟ್ರೈಲರ್ ಮಾಡಿಸುತ್ತಾರೆ. ನಾನು ಮೊದಲು ಟ್ರೈಲರ್ ಮಾಡಿಸಿದೆ! ಇದಕ್ಕೆ ಕಾರಣವಿತ್ತು. ಟ್ರೈಲರಿಗೆ ಇಂಜಿನ್ ಇಲ್ಲ. ಇಂಜಿನ್ ಇಲ್ಲದ ವಸ್ತುವಿನಲ್ಲಿ ಮೋಸ ಮಾಡಲು ಜಾಗವೇ ಇಲ್ಲ. ಇಂಜಿನ್ ಇರುವ ವಸ್ತುವಿಗೆ ಕೂಲಂಕಷ ತನಿಖೆ ಬೇಕು, ತನಿಖೆಗೆ ಸಮಯ ಬೇಕು. ಅಷ್ಟರಲ್ಲಿ ಟ್ರೈಲರ್ ತಯಾರಾಗಿರಲಿ ಎಂದು ನಮ್ಮ ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಫ್ಯಾಬ್ರಿಕೇಟರನಿಗೆ ಹೇಳಿ ಮಾಡಿಸಿಯೇಬಿಟ್ಟೆ. ಶಾಂಭವಿ ಹಳದಿ ಬಣ್ಣ ಆರಿಸಿದಳು. ಪರದೆಗಳನ್ನು ತಾನೇ ಹೊಲಿದಳು.

ಬಾಡಿಗೆ ಟೆಂಪೋ ಒಂದು ಅದನ್ನು ಎಳೆದು ತಂದು ನಮ್ಮ ಸೊಸೈಟಿಯ ಅಂಗಳದಲ್ಲಿ ಬಿಟ್ಟುಹೋಯಿತು. ಅರ್ಧ ಗಂಟೆಯೊಳಗೆ ಸೆಕ್ರೆಟರಿ ಗೋಖಲೆ ಇಳಿದು ಬಂದು ಇದೇನೆಂದು ಕೇಳಿದರು.

"ರಾವ್ ಸಾಹೇಬ್, ಹೇ ಕಾಯ್ ಆಹೇ?"

"ಟೂರಿಂಗ್ ವಾಹನ."

ಗೋಖಲೆ ಇಂಜಿನ್ ಹುಡುಕುತ್ತಾ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. "ಇಂಜಿನ್ ಕುಠೇ ಆಹೇ?"

"ತನಿಖೆಯಲ್ಲಿದೆ" ಅಂದೆ. ಅವರಿಗೆ ಕನ್ನಡ ಬಾರದಿದ್ದದ್ದು ಒಳ್ಳೆಯದಾಯಿತು.

ಆ ಜಾಗದಲ್ಲೇ ಜನವರಿ ಇಪ್ಪತ್ತಾರಕ್ಕೆ ಸೊಸೈಟಿಯ ಸತ್ಯನಾರಾಯಣ ಪೂಜೆಯ ಪೆಂಡಾಲು ಏಳಬೇಕು, ಅಷ್ಟರೊಳಗೆ ಈ ಹಳದಿ ಡಬ್ಬಿ ಇಲ್ಲಿಂದ ಹೋಗಬೇಕು ಎಂದು ಗೋಖಲೆ ಹಿಂದಿಯಲ್ಲಿ ಸ್ಪಷ್ಟವಾಗಿ ತಿಳಿಸಿದರು. ನಾನು ನಕ್ಕುಬಿಟ್ಟೆ. ಆಗಿನ್ನೂ ಡಿಸೆಂಬರ್ ಶುರುವಾಗಿತ್ತಷ್ಟೆ.

ಘಾಟಿಯಲ್ಲಿ ಅಷ್ಟು ಭಾರ ಎಳೆಯಲು ಸಾಧಾರಣ ಕಾರು ಸಾಲದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಡೀಸೆಲ್ ಗಾಡಿಯೇ ಆಗಬೇಕು. ಹೊಸದು ನಮ್ಮ ಕೈಗೆಟಕುವಂಥದ್ದಲ್ಲ. ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಅಂಬರನಾಥದ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಹಳೆಯ ಫೋರ್ ವೀಲ್ ಡ್ರೈವ್, ಡೀಸೆಲ್, ಹಿಂದೆ ಟ್ರೈಲರ್ ಎಳೆಯುವ ಗಟ್ಟಿ ಕೊಕ್ಕೆ. ನಮಗೆ ಬೇಕಾದದ್ದೆಲ್ಲ ಒಂದೇ ಗಾಡಿಯಲ್ಲಿತ್ತು. ಅಲ್ಲೇ ನನಗೆ ಮೊದಲ ಸಂಶಯ ಬಂತು. ನಮಗೆ ಏನು ಬೇಕೆಂದು ಇವನಿಗೆ ಹೇಗೆ ಗೊತ್ತಾಯಿತು?

ಹೊರಡುವ ಮುಂಚೆ ಶಾಂಭವಿಗೆ ಸೂಚನೆ ಕೊಟ್ಟೆ. "ಗಾಡಿ ಇಷ್ಟವಾದರೂ ಮುಖ ಸಪ್ಪಗಿರಬೇಕು. ಹೊಗಳಬಾರದು. ಹೇಳಲೇಬೇಕಾದ್ದಿದ್ದರೆ ತುಳುವಿನಲ್ಲಿ ಹೇಳು, ಅವರಿಗೆ ಅರ್ಥ ಆಗುವುದಿಲ್ಲ."

"ಸಾವಿನ ಮನೆಗೆ ಹೋಗುವ ಹಾಗೆ ಹೋಗುವುದಾ?"

"ಹೌದು. ಹಾಗೆಯೇ."

ಗಾಡಿಯ ಮಾಲೀಕರು ಅಲ್ಲಿನ ವರ್ಕ್‌ಶಾಪೊಂದರಲ್ಲಿ ದುಡಿದು ನಿವೃತ್ತರಾದ ದೇಸಾಯಿ ಎಂಬ ಹಿರಿಯರು. ನಾನು ಹಿಂದಿಯಲ್ಲಿ ಮಾತು ಶುರು ಮಾಡಿದ ಕೂಡಲೇ ಅವರು ನನ್ನ ಮುಖ ನೋಡಿ, "ನೀವು ಕನ್ನಡದವರ ಹೌದಲ್ರೀ? ನಾವು ಧಾರವಾಡದ ಕಡ್ಯಾವರು. ಬರ್ರಿ, ಕೂಡ್ರಿ, ಚಾ ತಗೋರಿ" ಅಂದರು.

ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ನನ್ನ ಎರಡನೆಯ ಸಂಶಯ ಅಲ್ಲೇ ಎದ್ದಿತು. ಮಾರಲು ಕೂತವನು ಗಿರಾಕಿಯ ಭಾಷೆ ಆಡಿದರೆ ಗಿರಾಕಿ ಜೇಬಿನ ಮೇಲಿನ ಕೈ ತೆಗೆಯುತ್ತಾನೆ. ನಾನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಗಾಡಿ ಅಂಗಳದಲ್ಲಿತ್ತು. ಹಸಿರು ಬಣ್ಣ, ದಪ್ಪ ಚಕ್ರ, ತುಂಬಾ ಚೊಕ್ಕಟ. ಶಾಂಭವಿ ಮುಂದಿನ ಸೀಟಿಗೆ ಹತ್ತಿ ಕೂತಳು. ಕಾಲು ಚಾಚಿದಳು. ಮುಂದಿನ ಗಾಜಿನಾಚೆ ಕಾಂಪೌಂಡು ಗೋಡೆ ಮಾತ್ರ ಇತ್ತು, ಆದರೂ ಕಡಲೇ ಕಂಡವಳಂತೆ ಮುಖವರಳಿಸಿ "ಎಡ್ಡೆ ಉಂಡು!" ಎಂದು ಕೂಗಿದಳು. ಚೆನ್ನಾಗಿದೆ ಅಂತ! ಹೇಳಿದ್ದು ತುಳುವಿನಲ್ಲೇ. ನಕ್ಕದ್ದು ಮಾತ್ರ ಧಾರವಾಡದವರಿಗೂ ಅರ್ಥವಾಗುವಂತಿತ್ತು.

"ನಿಮ್ಮ ಮನಿಯವರ ಮನಸ್ಸಿಗೆ ಬಂದದ" ಎಂದರು ದೇಸಾಯಿ.

"ಅವಳಿಗೆ ಎಲ್ಲ ಗಾಡಿಯೂ ಮನಸ್ಸಿಗೆ ಬರುತ್ತದೆ, ರಿಕ್ಷಾ ಕೂಡ" ಎಂದು ನಾನು ಪರಿಸ್ಥಿತಿಯನ್ನು ಸಂಭಾಳಿಸಿ ತಪಾಸಣೆಗೆ ಇಳಿದೆ.

ಅಪಘಾತವಾದ ಗಾಡಿಯ ತಗ್ಗುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುತ್ತಾರೆ, ಪುಟ್ಟಿ ಇದ್ದಲ್ಲಿ ಅಯಸ್ಕಾಂತ ಅಂಟುವುದಿಲ್ಲ ಎಂದು ಓದಿಕೊಂಡಿದ್ದೆ. ನಮ್ಮ ಫ್ರಿಜ್ಜಿನ ಬಾಗಿಲಿಗಿದ್ದ ಗಣಪತಿಯ ಅಯಸ್ಕಾಂತವನ್ನು ಕಿತ್ತು ತಂದಿದ್ದೆ. ಗಾಡಿಯ ಮೈಯೆಲ್ಲ ಗಣಪತಿಯನ್ನು ಅಂಟಿಸುತ್ತಾ ಬಂದೆ. ಬಾಗಿಲಿಗೆ ಅಂಟಿತು. ಬಾನೆಟ್ಟಿಗೆ ಅಂಟಿತು. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಗಣಪತಿ ಟಪ್ಪೆಂದು ಕೆಳಗೆ ಬಿದ್ದ!

"ಇಲ್ಲಿ ಏನಾಗಿತ್ತು?" ಎಂದು ಗಂಭೀರವಾಗಿ ಕೇಳಿದೆ.

"ಅಲ್ಲೇನೂ ಆಗಿಲ್ರೀ. ಅದು ಪ್ಲಾಸ್ಟಿಕ್ ಅದ."

ಶಾಂಭವಿ ಇಳಿದು ಬಂದು ಗಣಪತಿಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು ತನ್ನ ಪರ್ಸಿಗೆ ಹಾಕಿಕೊಂಡಳು.

ನಾನು ಗಾಡಿಯ ಕೆಳಗೆ ನುಸುಳಿದೆ. ನಾನು ಅಲ್ಲಿ ಏನು ಹುಡುಕುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ಕೆಳಗೆ ನುಸುಳುವ ಗಿರಾಕಿಗೆ ಮಾಲೀಕರು ಹೆದರುತ್ತಾರೆ ಎಂಬ ನಂಬಿಕೆಯಿತ್ತು. ಎರಡು ನಿಮಿಷದಲ್ಲಿ ಹಣೆಯ ನಡುವೆ ಒಂದು ತೊಟ್ಟು ಕಪ್ಪು ಎಣ್ಣೆ ಬಿತ್ತು. ಜಯಘೋಷದೊಂದಿಗೆ ಹೊರಗೆ ಬಂದೆ.

"ಎಣ್ಣೆ ಸೋರುತ್ತದೆ!"

"ಹೌದ್ರೀ, ಸ್ವಲ್ಪ ಸೋರತದ" ಎಂದರು ದೇಸಾಯಿ. "ಸೀಲ್ ಬದಲಿ ಮಾಡಬೇಕು. ನಾನೇ ಹೇಳಾಂವ ಇದ್ದೆ."

ನಾನು ತಬ್ಬಿಬ್ಬಾದೆ. ದೋಷವನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ನನ್ನ ಆಡಿಟ್ ಅನುಭವದಲ್ಲಿ, ಚಿಕ್ಕದನ್ನು ಕೇಳಿದ ಕೂಡಲೇ ಒಪ್ಪಿಕೊಂಡವನು ದೊಡ್ಡದನ್ನು ಕಪಾಟಿನಲ್ಲಿಟ್ಟಿರುತ್ತಾನೆ.

ಬೆಲೆ ಕೇಳಿದೆ. ಅವರು ಹೇಳಿದ ಬೆಲೆಗೆ ಎದೆ ಧಸಕ್ಕೆಂದಿತು. ಅಷ್ಟು ಕಡಿಮೆ! "ಯಾಕೆ ಇಷ್ಟು ಕಡಿಮೆ?" ಎಂದು ನಾನು ಜಗಳಕ್ಕೇ ನಿಂತೆ. ಗಾಡಿಯ ಬೆಲೆ ಯಾಕೆ ಜಾಸ್ತಿಯಿಲ್ಲ ಎಂದು ಜಗಳಾಡಿದ ಗಿರಾಕಿ ಅಂಬರನಾಥದಲ್ಲಿ ನಾನೊಬ್ಬನೇ ಇರಬೇಕು.

"ಹಳೇ ಡೀಸೆಲ್ ಗಾಡಿ ಯಾರೂ ಕೇಳಂಗಿಲ್ರೀ. ನನ್ನ ಮೊಣಕಾಲು ಹೋಗ್ಯಾವ, ಇಷ್ಟು ಎತ್ತರದ ಗಾಡಿ ಹತ್ತಾಕ ಆಗಂಗಿಲ್ಲ. ಒಳ್ಳೆ ಮಂದಿ ಕೈಗೆ ಹೋದರ ಸಾಕು."

ಮೊಣಕಾಲು! ಅವರು ಚಹಾ ತರಲು ಒಳಗೆ ಹೋಗಿ ಬರುವಾಗ ಕಣ್ಣಿಟ್ಟು ನೋಡಿದೆ. ಕುಂಟುತ್ತಿರಲಿಲ್ಲ. ಯೋಚಿಸಿ ತಿಳಿಸುತ್ತೇನೆಂದು ಹೇಳಿ ಎದ್ದೆ.

ಹಣೆಯ ಎಣ್ಣೆಯನ್ನು ಸಾಕ್ಷ್ಯವೆಂದು ಒರೆಸದೆ ಉಳಿಸಿಕೊಂಡಿದ್ದೆ. ಲೋಕಲ್ ಟ್ರೇನಿನಲ್ಲಿ ಎದುರಿಗೆ ಕೂತಿದ್ದ ಅಜ್ಜಿಯೊಬ್ಬರು ಅದನ್ನು ನೋಡಿ ಕೈಮುಗಿದು, ಮರಾಠಿಯಲ್ಲಿ, ಅಂಬರನಾಥದ ಹಳೆಯ ಶಿವಮಂದಿರದಲ್ಲಿ ದರ್ಶನ ಚೆನ್ನಾಗಿ ಆಯಿತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂಭವಿ, "ಆಯಿತು, ಇವರಿಗೆ ಮಾತ್ರ ದೇವರ ಮೇಲೂ ಸಂಶಯ" ಎಂದು ಉತ್ತರ ಕೊಟ್ಟಳು.

ಆಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತಾ, "ಒಳ್ಳೆಯ ಜನ ಮಾರಾಯ್ರೆ. ತೆಗೆದುಕೊಳ್ಳಿ" ಅಂದಳು.

"ತನಿಖೆಯಾಗಲಿ."

ನಮ್ಮ ಕಡೆಯವರು ಈ ಊರುಗಳಲ್ಲಿ ಹೆಣ್ಣುಗಂಡಿನ ಸಂಬಂಧವಿರಲಿ, ಫ್ಲಾಟಿರಲಿ, ಯಾವುದರ ಬಗ್ಗೆ ವಿಚಾರಿಸಬೇಕಾದರೂ ಅಲ್ಲಿನ ಹೋಟೆಲಿನವರನ್ನು ಕೇಳುತ್ತೇವೆ. ಗಲ್ಲಾದ ಮೇಲೆ ಕೂತವರಿಗೆ ಸ್ಟೇಷನ್ನಿನ ಎರಡೂ ಬದಿಯ ಸುದ್ದಿ ಗೊತ್ತಿರುತ್ತದೆ. ಕಲ್ಯಾಣದಲ್ಲಿ ಸಣ್ಣ ಹೋಟೆಲು ನಡೆಸುವ ವಿಠಲಣ್ಣ ನನ್ನ ಹಳೆಯ ಗೆಳೆಯ, ಕುಂದಾಪುರದ ಕಡೆಯವರು. ಪ್ರತಿ ಸೋಮವಾರ ಅಂಬರನಾಥದ ಶಿವಮಂದಿರಕ್ಕೆ ಹೋಗುವ ರೂಢಿ ಅವರಿಗಿತ್ತು. ಗುಟ್ಟಾಗಿ, ಕೊಳ್ಳುವವರ ವೇಷದಲ್ಲಿ ಹೋಗಿ ನೋಡಿ ಬನ್ನಿ ಎಂದು ಅವರಿಗೆ ಕೆಲಸ ಒಪ್ಪಿಸಿದೆ.

"ಹ್ವಾಯ್, ಗಾಡಿ ಲಾಯ್ಕ್ ಇತ್ತ್ ಮಾರಾಯ್ರೆ" ಎಂದು ಅವರು ಫೋನಿನಲ್ಲಿ ವರದಿ ಕೊಟ್ಟರು. "ಕಣ್ಣ್ ಮುಚ್ಕಂಡ್ ತಕಣಿ. ಆ ದೇಸಾಯಿಯರನ್ನ ದೇವಸ್ಥಾನದಗೂ ಕಂಡೆ. ಮೆಟ್ಲ್ ಇಳ್ದ್ ಗರ್ಭಗುಡಿಗೆ ಹೋತಿದ್ರ್."

ನಾನು ಕುರ್ಚಿಯಿಂದ ಎದ್ದು ನಿಂತೆ. ಆ ದೇವಸ್ಥಾನದ ಗರ್ಭಗುಡಿ ನೆಲಮಟ್ಟದ ಕೆಳಗಿದೆ. ಮೆಟ್ಟಿಲಿಳಿದೇ ಹೋಗಬೇಕು. ಮೊಣಕಾಲಿಲ್ಲದವರು ಮೆಟ್ಟಿಲಿಳಿದರು! ಸಿಕ್ಕಿಬಿದ್ದರು!

ಮರುದಿನವೇ ಅಂಬರನಾಥಕ್ಕೆ ಒಬ್ಬನೇ ಹೋಗಿ, ಎದುರಿಗೆ ಕೂತು, ಆಡಿಟ್ ವಿಭಾಗದ ನನ್ನ ಹಳೆಯ ಧ್ವನಿಯಲ್ಲಿ ಕೇಳಿದೆ: "ತಾವು ಸೋಮವಾರ ಮಂದಿರದ ಮೆಟ್ಟಿಲು ಇಳಿದದ್ದು ಹೌದೋ ಅಲ್ಲವೋ?"

"ಹೌದ್ರೀ" ಎಂದರು ದೇಸಾಯಿ ಶಾಂತವಾಗಿ. "ಇಳೀತೀನಿ. ಹತ್ತೂಮುಂದ ಇಬ್ಬರು ರಟ್ಟಿ ಹಿಡಿದು ಎತ್ತತಾರ. ಮೊನ್ನೆ ಒಬ್ಬರು ಕುಂದಾಪುರದ ಹೋಟೆಲಿನವರ ಬಂದು ಹಿಡಿದ್ರು ನೋಡ್ರಿ, ಭಾಳ ಒಳ್ಳೆ ಮನಷ್ಯಾ."

ಅಂದರೆ ನಾನು ಕಳಿಸಿದ ಪತ್ತೇದಾರನೇ ಆರೋಪಿಯನ್ನು ಎತ್ತಿಹಿಡಿದಿದ್ದ! ವಿಠಲಣ್ಣ ವರದಿಯಲ್ಲಿ ಇದನ್ನು ಯಾಕೆ ಹೇಳಲಿಲ್ಲ? ಈಗ ವಿಠಲಣ್ಣನ ಮೇಲೂ ಸಂಶಯ ಶುರುವಾಯಿತು.

ವಿಠಲಣ್ಣನ ವರದಿಯನ್ನು ತಾಳೆ ನೋಡಲು ನನ್ನ ತಂಗಿಯ ಮಗ ನಿಖಿಲನನ್ನು ಕಳಿಸಿದೆ. ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ ಅವನಿಗೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. "ಮಾಮಾ, ಗಾಡಿ ಏಕ್‌ದಮ್ ಮಸ್ತ್ ಹೈ. ಅಂಕಲ್ ಭೀ ಮಸ್ತ್ ಹೈ. ಲೇ ಲೋ" ಅಂದ. ಎರಡು ನಿಮಿಷದಲ್ಲಿ ಮುಗಿದ ವರದಿಯನ್ನು ನಂಬುವುದು ಹೇಗೆ? ಅವನನ್ನು ತಾಳೆ ನೋಡಲು ದಿವಾದ ಒಬ್ಬ ಮೆಕ್ಯಾನಿಕನನ್ನು ಕಳಿಸಿದೆ. ಮೆಕ್ಯಾನಿಕನೂ ಚೆನ್ನಾಗಿದೆ ಎಂದ. ಮೆಕ್ಯಾನಿಕನಿಗೆ ಕಮಿಷನ್ ಸಿಕ್ಕಿತೋ ಏನೋ ಎಂದು ನಿಖಿಲನ ಆಫೀಸಿನ ಡ್ರೈವರನನ್ನು ಕಳಿಸಿದೆ. ಅವನೂ ಚೆನ್ನಾಗಿದೆ ಎಂದ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆಂದರೆ ಎಲ್ಲರಿಗೂ ಯಾರೋ ಹೇಳಿಕೊಟ್ಟಿದ್ದಾರೆ!

ಇಷ್ಟೆಲ್ಲ ಆಗುವಾಗ ಹೊಸ ವರ್ಷ ಬಂದುಹೋಯಿತು. ಗೋಖಲೆಯವರು ದಿನಾ ಬೆಳಿಗ್ಗೆ ವಾಕಿಂಗಿನಿಂದ ಬಂದು ಟ್ರೈಲರಿನ ಮುಂದೆ ನಿಂತು, ನಮ್ಮ ಬಾಲ್ಕನಿಯ ಕಡೆ ನೋಡಿ, ಬೆರಳಿನಲ್ಲಿ ಪೆಂಡಾಲಿನ ಆಕಾರ ತೋರಿಸಿ ಹೋಗುತ್ತಿದ್ದರು. ಶಾಂಭವಿ ಪ್ರತಿ ಭಾನುವಾರ ಇಳಿದು ಹೋಗಿ ಅದರೊಳಗೆ ಗುಡಿಸಿ ಬರುತ್ತಿದ್ದಳು. ಒಮ್ಮೆ ನೋಡಿದರೆ ಒಳಗಿನ ಹಾಸಿಗೆಯ ಮೇಲೆ ಸುಮ್ಮನೆ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕಿಟಕಿಯಾಚೆ ಸೊಸೈಟಿಯ ನೀರಿನ ಪಂಪು ಇತ್ತು. ಆದರೂ ತನಿಖೆಯನ್ನು ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ಆಗ ಒಂದು ಬೆಳಿಗ್ಗೆ ದೇಸಾಯಿಯವರೇ ಫೋನು ಮಾಡಿದರು. ಧ್ವನಿ ಬದಲಾಗಿತ್ತು.

"ರಾವ್ ಅವರ, ಒಂದು ಮಾತು ಖರೇ ಹೇಳ್ರಿ. ಈ ಗಾಡಿಯೊಳಗ ಏನದ?"

"ಅಂದರೆ?"

"ನಾಕು ತಿಂಗಳಿಂದ ಒಂದು ನಾಯಿನೂ ಮೂಸಿ ನೋಡಿದ್ದಿಲ್ಲ. ನೀವು ಬಂದು ಹೋದಮ್ಯಾಲೆ ಒಬ್ಬರ ಹಿಂದ ಒಬ್ಬರು ಬರಾಕ ಹತ್ಯಾರ. ಹೋಟೆಲಿನವರು, ಆಫೀಸಿನವರು, ಮೆಕ್ಯಾನಿಕ್ಕು, ಡ್ರೈವರು. ಎಲ್ಲಾರೂ ಕೆಳಗ ಬಗ್ಗಿ ನೋಡ್ತಾರ, ಯಾರೂ ತಗೊಳ್ಳಂಗಿಲ್ಲ. ನಮ್ಮ ಮನ್ಯಾಕಿ ಅಂತಾಳ, ಇದರಾಗ ನಮಗ ಗೊತ್ತಿಲ್ಲದ್ದು ಏನೋ ಅದ ಅಂತ. ನಿನ್ನೆ ಸೀಟೆಲ್ಲಾ ಬಿಚ್ಚಿ ನೋಡಿದೆ."

"ಏನು ಸಿಕ್ಕಿತು?" ಎಂದು ತಡೆಯಲಾರದೆ ಕೇಳಿಬಿಟ್ಟೆ.

"ನೋಡ್ರಿ! ನೀವೂ ಕೇಳ್ತೀರಿ! ಅಂದ್ರ ಏನೋ ಅದ! ನನಗೂ ಈಗ ಸಂಶಯ ಬಂದದ. ಅದೇನಂತ ತಿಳಿಯೋತನಕಾ ನಾ ಗಾಡಿ ಮಾರಂಗಿಲ್ಲ."

ಫೋನು ಕಟ್ಟಾಯಿತು. ಜೀವಮಾನವಿಡೀ ಯಾರ ಮೇಲೂ ಸಂಶಯಪಡದ ಒಬ್ಬ ಸಜ್ಜನರಿಗೆ ನನ್ನ ರೋಗವನ್ನು ಅಂಟಿಸಿಬಿಟ್ಟಿದ್ದೆ. ವಿಷಯ ಕೇಳಿದ ಶಾಂಭವಿ ಬೈಯಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಮೊಬೈಲು ತೆಗೆದುಕೊಂಡು ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋದಳು. ಬಟ್ಟೆ ಒಣಗಿಸಲು ಮೊಬೈಲು ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಒಂದು ವಾರ ಕಾದು, ದೇಸಾಯಿಯವರ ಸಿಟ್ಟು ಇಳಿದಿರಬಹುದೆಂದು ಲೆಕ್ಕಹಾಕಿ, ಮುಂಗಡದ ಚೆಕ್ಕು ಬರೆದುಕೊಂಡು, ಹಣ್ಣು ಹೂವು ಹಿಡಿದು ಅಂಬರನಾಥಕ್ಕೆ ಹೋದೆ. ಎಲ್ಲವನ್ನೂ ಒಪ್ಪಿಕೊಂಡು, ಆ ಪತ್ತೇದಾರರೆಲ್ಲ ನನ್ನವರೇ ಎಂದು ಹೇಳಿ, ಕೇಳಿದ ಬೆಲೆಗೆ ಗಾಡಿ ಕೊಳ್ಳುವುದೆಂದು ದೃಢ ನಿಶ್ಚಯ ಮಾಡಿದ್ದೆ.

ಅಂಗಳ ಖಾಲಿ! ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ ಮಾತ್ರ ಇತ್ತು.

"ನಿನ್ನೆ ಕೊಟ್ಟುಬಿಟ್ಟೆ ನೋಡ್ರಿ" ಎಂದರು ದೇಸಾಯಿ. ಮುಖದಲ್ಲಿ ನೆಮ್ಮದಿ ಮರಳಿತ್ತು. "ಅದ ಹೋಟೆಲಿನವರು ಬಂದಿದ್ರು. ಒಂದ ಪ್ರಶ್ನಿ ಕೇಳಲಿಲ್ಲ, ಕೆಳಗ ಬಗ್ಗಲಿಲ್ಲ. ಕೀಲಿ ಕೊಡ್ರಿ ಅಂದ್ರು. ಅಂದ್ರ ಒಳಗ ಏನೂ ಇಲ್ಲ ಅಂತ ನನಗ ಖಾತ್ರಿ ಆತು. ಏನರ ಇದ್ದಿದ್ರ ಹುಡುಕತಿದ್ರಲ್ಲ?"

ಹಣ್ಣುಹೂವನ್ನು ಅವರ ಕೈಗೇ ಕೊಟ್ಟು, ಮೊದಲು ಸಿಕ್ಕಿದ ಟ್ರೇನು ಹಿಡಿದು ಕಲ್ಯಾಣಕ್ಕೆ ಬಂದೆ. ವಿಠಲಣ್ಣನ ಹೋಟೆಲಿನ ಮುಂದೆ ನನ್ನ ಗಾಡಿ ನಿಂತಿತ್ತು! ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಚಕ್ರದ ಕೆಳಗೆ ಜಜ್ಜಿದ ನಿಂಬೆಹಣ್ಣು. ನಾನು ಮೆಟ್ಟಿಲು ಹತ್ತುವ ಮೊದಲೇ ಒಳಗಿಂದ, "ರಾಯರಿಗೊಂದು ಬನ್ಸ್, ಸ್ಟ್ರಾಂಗ್ ಕಾಫಿ!" ಎಂಬ ಕೂಗು ಬಂತು.

"ವಿಠಲಣ್ಣ, ನಾನು ನಿಮ್ಮನ್ನು ನೋಡಿ ಬನ್ನಿ ಅಂತ ಕಳಿಸಿದ್ದು!"

"ಕಂಡೆ. ಮನ್ಸಾಯ್ತ್. ನಾ ಎಂತ ಮಾಡುದ್ ಮಾರಾಯ್ರೆ?" ಎಂದರು ವಿಠಲಣ್ಣ ಗಲ್ಲಾದಿಂದ ಏಳದೆ. "ನೀವಂತೂ ತಕಂಬುದಿಲ್ಲ. ಕೂಕಣಿ, ಬನ್ಸ್ ತಿನ್ನಿ. ನಿಮ್ಮ ಟ್ರೈಲರ್ ನಾನೇ ಎಳ್ಕಂಡ್ ಹೋತೆ. ಶಾಂಭವಕ್ಕನೂ ಬರ್ಲಿ, ಎಲ್ಲರೂ ಊರಿಗೆ ಹೋಪ."

ನನಗೆ ದ್ರೋಹವಾಗಿತ್ತು. ಆದರೂ ಬನ್ಸ್ ಬಿಸಿಯಿತ್ತು. ಪೆಂಡಾಲಿನವರು ಬಿದಿರು ತಂದು ಹಾಕುವ ದಿನ ಹತ್ತಿರ ಬಂದಿತ್ತು. ಒಪ್ಪಿಕೊಂಡೆ.

ಹೊರಟ ದಿನ ಗೋಖಲೆಯವರು ತೆಂಗಿನಕಾಯಿ ಒಡೆದು ನಮ್ಮನ್ನು ಬೀಳ್ಕೊಟ್ಟರು. ಅಷ್ಟು ಸಂತೋಷದಿಂದ ಅವರು ತಮ್ಮ ಮಗಳನ್ನು ಗಂಡನ ಮನೆಗೆ ಕಳಿಸಿದ್ದಿಲ್ಲ. ವಿಠಲಣ್ಣ ಸ್ಟೇರಿಂಗು ಹಿಡಿದರು. ಮುಂದಿನ ಸೀಟಿನಲ್ಲಿ ಶಾಂಭವಿ ಕಾಲು ಚಾಚಿ ಕೂತಳು. ಹಿಂದೆ, ಅಡ್ಡ ಹಾಕಿದ್ದ ಬೆಂಚಿನಂಥ ಸೀಟಿನಲ್ಲಿ ನಾನು, ವಿಠಲಣ್ಣನ ಹೆಂಡತಿ ಸುಜಾತಕ್ಕ, ಮತ್ತು ಊರಿಗೆ ಹಂಚಲು ಕಟ್ಟಿದ್ದ ಮಿಠಾಯಿಯ ಡಬ್ಬಿಗಳು. ಘಾಟಿಯಲ್ಲಿ ಗಾಡಿ ಹಳದಿ ಟ್ರೈಲರನ್ನು ಗುರ್ ಎನ್ನದೆ ಎಳೆಯಿತು. ಒಂದು ಕಡೆಯೂ ಕೆಡಲಿಲ್ಲ. ನಾನು ಪ್ರತಿ ಏರಿನಲ್ಲೂ ಕೆಡಬಹುದೆಂದು ಆಸೆಯಿಂದ ಕಾಯುತ್ತಿದ್ದೆ.

ಗೋವಾ ದಾಟಿ, ಕಾರವಾರ ದಾಟಿ, ಕಡಲಬದಿಯ ರಸ್ತೆಗೆ ಬಂದೆವು. ಶಾಂಭವಿ ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿ ಹಿಡಿಯುತ್ತಿದ್ದಳು. ಮನಸ್ಸು ಬಂದಲ್ಲಿ ನಿಲ್ಲುವುದು, ಯಾರ ಮನೆಗೂ ಹೋಗದಿರುವುದು ಎಂಬ ಅವಳ ಆಸೆ ಇನ್ನೇನು ಕೈಗೂಡುತ್ತದೆ ಎಂದು ನನಗೂ ಖುಷಿಯಾಯಿತು. ಅಷ್ಟರಲ್ಲಿ ವಿಠಲಣ್ಣ, "ಇಲ್ಲೊಂದು ಐದು ನಿಮಿಷ, ನಮ್ಮ ಚಿಕ್ಕಿ ಮನೆ" ಎಂದು ಭಟ್ಕಳದ ಹತ್ತಿರ ಗಾಡಿ ತಿರುಗಿಸಿದರು.

ನಾನು ಹಣೆ ಚಚ್ಚಿಕೊಂಡೆ. ಆ ಚಿಕ್ಕಮ್ಮನ ಮನೆಯ ನಂತರ ಬೈಂದೂರಿನ ಭಾವನ ಮನೆ. ಅದಾದ ಮೇಲೆ ಸೋದರಮಾವನ ಮನೆ, ಅತ್ತಿಗೆಯ ತವರು. ಊರಿಗೆ ಬಂದ ಮೇಲೆ ಒಂದು ಮನೆ ತಪ್ಪಿಸಿದರೂ ಬೊಂಬಾಯಿಯವರು ದೊಡ್ಡವರಾದರು ಎನ್ನುತ್ತಾರಲ್ಲ! ನಮ್ಮ ನೆಂಟರಿಂದ ತಪ್ಪಿಸಿಕೊಳ್ಳಲು ಮಾಡಿಸಿದ ಗಾಲಿಮನೆಯನ್ನು ಇನ್ನೊಬ್ಬರ ನೆಂಟರ ಅಂಗಳದಿಂದ ಅಂಗಳಕ್ಕೆ ಮೆರವಣಿಗೆ ಮಾಡುತ್ತಿದ್ದೆವು. ಒಂದು ರಾತ್ರಿಯಾದರೂ ಅದರಲ್ಲಿ ಮಲಗಲು ಯಾರೂ ಬಿಡಲಿಲ್ಲ. "ಮನೆ ಇಪ್ಪೊತ್ತಿಗೆ ಡಬ್ಬಿಯಗ್ ಮಲ್ಕಂಬುದಾ?" ಎಂದು ಎಲ್ಲ ಕಡೆ ಬೈಸಿಕೊಂಡೆ. ಪ್ರತಿ ಮನೆಯವರೂ ಕೊಟ್ಟ ತೆಂಗಿನಕಾಯಿ, ಸೌತೆ, ಕುಂಬಳ ಶಾಂಭವಿ ಹೊಲಿದ ಪರದೆಯ ಹಿಂದಿನ ಹಾಸಿಗೆಯ ಮೇಲೆ ಹಾಯಾಗಿ ಮಲಗಿದವು.

ಶಾಂಭವಿಗೆ ಬೇಸರವಾಗಿರಬೇಕೆಂದು ಪ್ರತಿ ಮನೆಯಲ್ಲೂ ಕದ್ದು ನೋಡುತ್ತಿದ್ದೆ. ಅವಳು ಜಗಲಿಯಲ್ಲಿ, ಒಳ್ಳೆಯ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂತಿದ್ದಳು. ಎದ್ದು ಅಡಿಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟರೆ ನಾಲ್ಕು ಜನ ಓಡಿಬರುತ್ತಿದ್ದರು. "ಎಂತ, ನೀವ್ ನಮ್ಮಲ್ಲಿಗ್ ಬಂದ ನೆಂಟ್ರ್! ಕೂಕಣಿ!" ಪಾಪ, ಅವಳು ತಿರುಗಿ ಕೂರುತ್ತಿದ್ದಳು. ಹಾಲುಬಾಯಿ, ಪತ್ರೊಡೆ, ಕೊಟ್ಟೆಕಡುಬು ಎಂದು ತಿಂಡಿಗಳೆಲ್ಲ ಅವಳಿದ್ದಲ್ಲಿಗೇ ಬರುತ್ತಿದ್ದವು. ಅಲ್ಲಿ ಅವಳು ಯಾರ ಸೊಸೆಯೂ ಅಲ್ಲ.

ಕೊನೆಯ ಮನೆ ಕುಂದಾಪುರದಲ್ಲಿ ವಿಠಲಣ್ಣನ ದೊಡ್ಡಮ್ಮನದು. ಆ ದೊಡ್ಡಮ್ಮ ಶಾಂಭವಿಯ ಗಲ್ಲ ಸವರಿ ನನ್ನ ಕಡೆ ತಿರುಗಿ, "ನಿಮ್ಮ ಹೆಂಡ್ತಿ ಗಟ್ಟಿಗಿತ್ತಿ. ಇವ್ರ್ ಫೋನ್ ಮಾಡಿ ಹೇಳದಿದ್ರೆ ನಮ್ಮ ವಿಠಲ ಗಾಡಿ ತಕಂತಿದ್ನಾ? ನಮ್ಮಲ್ಲಿಗ್ ಬತ್ತಿದ್ನಾ?" ಅಂದರು.

ನಾನು ವಿಠಲಣ್ಣನನ್ನು ನೋಡಿದೆ. ಅವರು ತೋಟ ನೋಡುವ ನೆಪದಲ್ಲಿ ಎದ್ದು ಹೋದರು. ಸುಜಾತಕ್ಕನಿಗೂ ಅದೇ ಗಳಿಗೆಯಲ್ಲಿ ತೋಟ ನೋಡುವ ಆಸೆಯಾಯಿತು.

ಬಾಲ್ಕನಿ, ಬಟ್ಟೆ, ಮೊಬೈಲು, ಎಲ್ಲ ಒಟ್ಟಿಗೆ ನೆನಪಾಯಿತು. ಅಂಬರನಾಥ, ಕಲ್ಯಾಣ, ದಿವಾ, ಐರೋಲಿ ಎಂದು ಊರೆಲ್ಲ ಸಂಶಯಪಟ್ಟವನು, ಒಂದೇ ಸೂರಿನಡಿ ಇದ್ದವಳನ್ನು ತನಿಖೆಯಿಂದ ಬಿಟ್ಟುಬಿಟ್ಟಿದ್ದೆ.

"ನೀನಾ ಹೇಳಿದ್ದು?"

"ಹೌದು" ಎಂದಳು ಶಾಂಭವಿ, ಹಾಲುಬಾಯಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು. "ವಿಠಲಣ್ಣನಿಗೆ ಹೇಗೂ ಹೋಟೆಲಿನ ಸಾಮಾನಿಗೆ ಗಾಡಿ ಬೇಕಿತ್ತು. ನೀವೇ ತೆಗೆದುಕೊಳ್ಳಿ, ಒಂದೇ ಷರತ್ತು, ಕುಂದಾಪುರದಿಂದಲೇ ಗಾಡಿ ವಾಪಸ್ ತಿರುಗಿಸಬೇಕು ಅಂದೆ. ಇನ್ನೂ ಮುಂದೆ ಹೋದರೆ ಕಾರ್ಕಳ ಬರುತ್ತದಲ್ಲ."

"ಅಲ್ಲಾ, ನಾನು ಚೆಕ್ಕು ಬರೆದುಕೊಂಡು ಹೋಗಿದ್ದೆ! ನಾನೇ ಕೊಳ್ಳುತ್ತಿದ್ದೆ! ನನ್ನ ಮೇಲೆ ನಿನಗೆ ಅಷ್ಟು ಸಂಶಯವಾ?"

ಅವಳು ನಗಲಿಲ್ಲ. ಪ್ರೀತಿಯಿಂದಲೇ ಹೇಳಿದಳು.

"ಛೆ, ಸಂಶಯ ಎಂತದ್ದು ಮಾರಾಯ್ರೆ? ನೀವು ತೆಗೆದುಕೊಳ್ಳುವುದಿಲ್ಲ ಎನ್ನುವುದರಲ್ಲಿ ನನಗೆ ಒಂದು ದಿನವೂ ಸಂಶಯ ಇರಲಿಲ್ಲ."

ನನ್ನ ಮೇಲೆ ಇಷ್ಟು ಗಟ್ಟಿ ನಂಬಿಕೆ ಇಟ್ಟವರು ಲೋಕದಲ್ಲಿ ಬೇರೆ ಯಾರೂ ಇಲ್ಲ. ಹಿಂತಿರುಗುವಾಗ ಟ್ರೈಲರಿನಲ್ಲಿ ಹಿಡಿಸದೆ ಉಳಿದ ಒಂದು ಕುಂಬಳಕಾಯಿಯನ್ನು ನನ್ನ ಮಡಿಲಲ್ಲಿಟ್ಟರು. ಅದನ್ನು ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂತು ಡೊಂಬಿವಲಿಯವರೆಗೆ ಬಂದೆ. ಮನೆಗೆ ಬಂದು ಹೆಚ್ಚಿ ನೋಡಿದರೆ, ಒಳಗೆ ಕೊಳೆತಿತ್ತು. ಅದನ್ನೊಂದನ್ನು ನಾನು ತಟ್ಟಿ ನೋಡಿರಲಿಲ್ಲ.